ಪಾತ್ರೆಯ ತಳದ ಬಿಳಿ

ಚೆನ್ನೈ

ಪ್ರೀತಿಯ ತಮ್ಮಾ,

ತೋಟದ ಕೆಳಗಿನ ತೋಡಿನ ದಡದಲ್ಲಿರುವ ಮರಗಳನ್ನು ಕಡಿಸುತ್ತೇನೆ, ಎಲೆ ಬಿದ್ದು ನೀರು ಕೆಡುತ್ತದೆ ಅಂದೆಯಲ್ಲ, ಆ ಮಾತು ರಾತ್ರಿಯೆಲ್ಲ ಕಾಡಿತು. ಅದಕ್ಕೇ ಈ ಕಾಗದ.

ಬೆಳಿಗ್ಗೆ ನೀರು ಕಾಯಿಸುವ ಪಾತ್ರೆ ತಿಕ್ಕುತ್ತಿದ್ದೆ. ತಳದಲ್ಲಿ ಸುಣ್ಣದಂಥ ಬಿಳಿ ಪದರ. ಉಗುರಿಗೆ ಏಳಲಿಲ್ಲ. ಹುಣಸೆಹುಳಿ ಹಾಕಿದೆ, ಸಣ್ಣ ಸಣ್ಣ ಗುಳ್ಳೆ ಎದ್ದು ಬಿಟ್ಟುಕೊಂಡಿತು. ನೋಡುತ್ತಾ ನಮ್ಮ ಭಾಗಮಂಡಲದ ಕಾಡೇ ಕಣ್ಣಮುಂದೆ ಬಂತು.

ಹೇಗೆ ಅಂತೀಯಾ? ಮೊದಲ ಮಳೆಗೆ ತೋಡು ಕಷಾಯದ ಬಣ್ಣಕ್ಕೆ ತಿರುಗುತ್ತಿದ್ದುದು ನೆನಪಿದೆಯಾ? ಅದು ದರಗಿನಿಂದ ಇಳಿದ ಇಂಗಾಲ. ಕೊಳೆತ ಎಲೆಯ ಸಾರ ನೀರಿನಲ್ಲಿ ಕರಗಿ ಬರುತ್ತದೆ, ಎಲೆಯ ಚೂರನ್ನು ನೀರಹುಳುಗಳು ತಿನ್ನುತ್ತವೆ, ಹುಳುವನ್ನು ಮೀನು ತಿನ್ನುತ್ತದೆ. ಮಣ್ಣಿನೊಳಗೆ ಬೇರುಗಳು ಬಿಟ್ಟ ಉಸಿರು ಮಳೆನೀರಿಗೆ ಸೇರಿ ಅದನ್ನು ತುಸು ಹುಳಿಯಾಗಿಸುತ್ತದೆ. ಆ ಹುಳಿ ಬಂಡೆಯನ್ನು ಮೆಲ್ಲಗೆ ಕರಗಿಸಿ, ಉಸಿರಿನ ಇಂಗಾಲವನ್ನು ಬೈಕಾರ್ಬನೇಟ್ ಆಗಿ ಹೊಳೆಗೆ ಒಪ್ಪಿಸುತ್ತದೆ. ನೀರು ಕುದಿದಾಗ ಅದರಲ್ಲೊಂದು ಪಾಲು ಸುಣ್ಣದ ಜೊತೆ ತಳ ಹಿಡಿಯುತ್ತದೆ.

2004ರಿಂದ, ನಮ್ಮ ತೋಡು ಸೇರುವ ಕಾವೇರಿಯ ನೀರು ವೀರಾಣಂ ಕೆರೆಗೆ ಬಂದು, ಅಲ್ಲಿಂದ 200 ಕಿ.ಮೀ.ಗೂ ಉದ್ದದ ಕೊಳವೆಯಲ್ಲಿ ಈ ಊರು ತಲುಪುತ್ತಿದೆ. ನೀನು ಅಲ್ಲಿ ಕಾಲು ತೊಳೆದ ಹೊಳೆಯ ಪಾಲು ನಮ್ಮ ನಲ್ಲಿಯಲ್ಲೂ ಇದೆ, ಮಾರಾಯ.

ಎಲ್ಲ ಇಂಗಾಲವೂ ಇಷ್ಟು ದೂರ ಬರುವುದಿಲ್ಲ. ನೆಲದಿಂದ ಹೊಳೆ, ಕೆರೆಗಳಿಗೆ ಇಳಿಯುವ ಇಂಗಾಲ ಲೋಕದಲ್ಲಿ ವರ್ಷಕ್ಕೆ ಸುಮಾರು 190 ಕೋಟಿ ಟನ್, ಕಡಲು ಸೇರುವುದು ಅದರಲ್ಲಿ 90 ಕೋಟಿ ಟನ್ ಎಂದು 2007ರಲ್ಲೇ ವಿಜ್ಞಾನಿಗಳು ಅಂದಾಜಿಸಿದ್ದರು. ಉಳಿದದ್ದರಲ್ಲಿ ಸ್ವಲ್ಪ ಹೂಳಿನಲ್ಲಿ ಕೂರುತ್ತದೆ, ಹೆಚ್ಚಿನದು ಮರಳಿ ಗಾಳಿಗೇ ಹೋಗುತ್ತದೆ. ಬಂಡೀಪುರದ ಮೂಲೆಹೊಳೆಯಲ್ಲಿ ನಮ್ಮವರೂ ಫ್ರಾನ್ಸಿನವರೂ ಸೇರಿ ಕಾಡಿನ ಒಂದು ಪುಟ್ಟ ಜಲಾನಯನವನ್ನು ವರ್ಷಗಟ್ಟಲೆ ಅಳೆದದ್ದು ನೀರಿನ, ಬಂಡೆ ಕರಗುವಿಕೆಯ ಲೆಕ್ಕ ತಿಳಿಯಲೆಂದು.

ಎಲೆ ಬಿದ್ದರೆ ಹರಿಯುವ ತೋಡು ಕೆಡುವುದಿಲ್ಲ ತಮ್ಮಾ, ಅದು ತೋಡಿನ ಊಟ. ಕೆಡುವುದು ದಡ ಬೋಳಾಗಿ ಮಣ್ಣು ಕುಸಿದಾಗ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ನೀನೇ ಕಂಡವನು. ಹಾಗೆ ಜರಿದರೆ ನೂರಾರು ವರ್ಷ ಕೂಡಿದ ಕಪ್ಪು ಮಣ್ಣು ಒಂದು ರಾತ್ರಿಯಲ್ಲಿ ಹೊಳೆ ಪಾಲಾಗುತ್ತದೆ. ದಡದ ಬೇರು ಅದನ್ನು ಹಿಡಿದಿರಲಿ. ನೀರಿಗೆ ಅಡ್ಡ ಬಿದ್ದ ಕೊಂಬೆ ತೆಗೆಸು, ಮರ ಮುಟ್ಟಬೇಡ.

ಮಳೆ ಹಿಡಿದ ಮೇಲೆ ಬರುತ್ತೇನೆ. ತೋಡು ಕಷಾಯದ ಬಣ್ಣಕ್ಕೆ ತಿರುಗಿದ ದಿನ ಫೋನ್ ಮಾಡು.

ನಿನ್ನ
ಅಕ್ಕ