ಬರಿಗಾಲಿನ ಪಾಂಡವ

ನಮ್ಮ ಕವಿಗಳು ಪಾದವನ್ನು ಹೊಗಳದೆ ಬಿಟ್ಟವರಲ್ಲ. ದೇವರ ಪಾದ, ಗುರುವಿನ ಪಾದ, ನಲ್ಲೆಯ ಗೆಜ್ಜೆಗಾಲು ಇವೆಲ್ಲ ಕಾವ್ಯದಲ್ಲಿ ತಕ್ಕ ಮರ್ಯಾದೆ ಪಡೆದಿವೆ. ಚೆಂಡನ್ನೊದೆಯುವ ಕಾಲನ್ನು ಹಾಡಿದವರು ಮಾತ್ರ ಅಪರೂಪ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಇತ್ತೀಚೆಗೆ ಈ ಕೊರತೆ ಕಾಡತೊಡಗಿದೆ. ಅದಕ್ಕೆ ಕಾರಣ ನಮ್ಮ ಕಿರವತ್ತಿಯ ಹುಡುಗರು.

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಬಯಲುಸೀಮೆಯನ್ನು ಹಿಂದೆ ಹಾಕಿ ಕಾಡಿನ ಸೀಮೆಯನ್ನು ಹೊಕ್ಕ ಮೇಲೆ ನಮ್ಮೂರು ಸಿಗುತ್ತದೆ. ಸಂಜೆಯಾದರೆ ಬಯಲಿನಲ್ಲಿ ಚೆಂಡಾಟ. ಸಿದ್ದಿಯರ ಮಕ್ಕಳು, ಗೌಳಿಗರ ಮಕ್ಕಳು, ಪೇಟೆಯ ಅಂಗಡಿಕಾರರ ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ಕೆಲವರ ಕಾಲಿಗೆ ಬೂಟು, ಹಲವರದು ಬರಿಗಾಲು. ಅವರಲ್ಲೊಬ್ಬ ಒಂದು ದಿನ ಕೇಳಿದ: "ಸರ್, ಒಲಿಂಪಿಕ್ಸಿನಾಗ ಫುಟ್‌ಬಾಲ್ ಆಡಿದೋರು ನಮ್ಮೋರು ಯಾರರ ಅದಾರೇನ್ರೀ?"

"ಅಹಮದ್ ಖಾನ್ ಅಂತ ಒಬ್ಬರಿದ್ದರು" ಎಂದೆ. ಹುಡುಗ ಆ ಹೆಸರನ್ನು ಕೇಳಿರಲಿಲ್ಲ. ಅದು ಅವನ ತಪ್ಪಲ್ಲ. ಕನ್ನಡ ನಾಡಿನಲ್ಲಿ ಆ ಹೆಸರನ್ನು ಎತ್ತಿ ಹೇಳುವವರೇ ಕಡಮೆ. ಕಲಕತ್ತೆಯಲ್ಲಿ ಕೇಳಿದ್ದರೆ, ಹಳೆಯ ಅಭಿಮಾನಿಯೊಬ್ಬ ಚಹಾದ ಲೋಟ ಕೆಳಗಿಟ್ಟು ಒಂದು ಗಂಟೆ ಮಾತಾಡುತ್ತಿದ್ದನೇನೋ!

ಅಹಮದ್ ಖಾನರು ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಮನೆತನವೇ ಕಾಲ್ಚೆಂಡಿನದು, ತಂದೆಯೂ ಆಟಗಾರರು. ಹುಡುಗನಿಗೆ ಹನ್ನೊಂದು ತುಂಬುವ ಮೊದಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿಯವರೆಗೆ ಗೋರಾ ಸೈನಿಕರ ಸ್ವತ್ತಿನಂತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದೇ. ಅಂಥ ಊರಿನಲ್ಲಿ ಬೆಳೆದ ಹುಡುಗನ ಕಾಲು ಸುಮ್ಮನಿದ್ದೀತೆ?

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಸಿಕ್ಕಿದ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಎರಡಕ್ಕೆ ಒಂದರಿಂದ ಸೋತೆವು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಮುಂಚೂಣಿಯಲ್ಲಿ ಅವರ ಜೊತೆಗೆ ಆಡಿದವರು ಅಹಮದ್. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಅವರಿದ್ದರು. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದೇ. ಅದು ಅಹಮದರದು. ಆ ಸೋಲಿನ ತರುವಾಯ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಅವರು ಬೂಟಿನ ಕಾಲವನ್ನೂ ಕಂಡು, 1959ರವರೆಗೆ ಆಡಿದರು.

ಅವರಿಗಿದ್ದ ಅಡ್ಡಹೆಸರು ಹಾವಾಡಿಗ. ಪುಂಗಿಯ ಮುಂದೆ ಹಾವು ಹೇಗೋ, ಅವರ ಕಾಲಿನ ಮುಂದೆ ಚೆಂಡು ಹಾಗೆ. 1949ರಲ್ಲಿ ಅವರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಈ ಐವರು ಅಲ್ಲಿನ ಮುಂಚೂಣಿ, ಐವರೂ ದಕ್ಷಿಣದವರು. 1949, 1950, 1951 ಹೀಗೆ ಮೂರು ವರ್ಷ ಎಡೆಬಿಡದೆ ಐ.ಎಫ್.ಎ. ಶೀಲ್ಡು ಆ ಕ್ಲಬ್ಬಿಗೆ ಬಂದಿತು. ಜನ ಈ ಐವರನ್ನು 'ಪಂಚಪಾಂಡವರು' ಎಂದು ಕರೆದರು.

ಪಂಪನನ್ನು ಪಾಠ ಹೇಳುವವನಾದ್ದರಿಂದ ನನ್ನ ಮನಸ್ಸು ಈ ಹೆಸರಿನಲ್ಲೇ ಸಿಕ್ಕಿಕೊಂಡಿದೆ. ಹಾಗೆ ಕರೆದವರು ಯಾರು? ಪೂರ್ವ ಬಂಗಾಳದಿಂದ, ದೇಶ ಒಡೆದಾಗ, ಮನೆಮಠ ಬಿಟ್ಟು ಬಂದ ನಿರಾಶ್ರಿತರು ಆ ಕ್ಲಬ್ಬಿನ ಹಿಂದೆ ಸಾಲುಗಟ್ಟಿ ನಿಂತಿದ್ದರು. ಕಳೆದುಹೋದ ಊರಿನಲ್ಲಿ ಅವರಿಗೆ ಉಳಿದಿದ್ದುದು ಕ್ಲಬ್ಬಿನ ಹೆಸರಿನೊಳಗಿನ ಆ ಹೆಸರಷ್ಟೆ. ಧರ್ಮದ ಹೆಸರಿನಲ್ಲಿ ನಡೆದ ಕೊಲೆ ಸುಲಿಗೆಗಳ ಗಾಯ ಇನ್ನೂ ಹಸಿಯಾಗಿತ್ತು. ಅಂಥ ಜನ ಒಬ್ಬ ಅಹಮದನನ್ನೂ ಒಬ್ಬ ಸಾಲೆಯನ್ನೂ ಪಾಂಡವರೆಂದು ಹೆಗಲ ಮೇಲೆ ಹೊತ್ತರು! ರಾಜ್ಯ ಕಳೆದುಕೊಂಡು ಕಾಡು ಸೇರಿದವರ ಕತೆ ಅವರಿಗೆ ಪುರಾಣವಾಗಿರಲಿಲ್ಲ, ಸ್ವಂತ ಕತೆಯಾಗಿತ್ತು. ಆ ಕತೆಯಲ್ಲಿ ತಮ್ಮ ಪರವಾಗಿ ಬಿಲ್ಲು ಹಿಡಿದವನ ಕುಲಗೋತ್ರವನ್ನು ಅವರು ಕೇಳಲಿಲ್ಲ.

ಹಾಗಾದರೆ 'ನಮ್ಮೋರು' ಎಂದರೆ ಯಾರು? ಅಹಮದರು ಹೆಲ್ಸಿಂಕಿಯಲ್ಲಿ ಗೋಲು ಹೊಡೆದ 1952ರಲ್ಲಿ ಬೆಂಗಳೂರು ಮೈಸೂರು ರಾಜ್ಯದಲ್ಲಿತ್ತು, ನಮ್ಮ ಕಿರವತ್ತಿ ಮುಂಬಯಿ ರಾಜ್ಯದಲ್ಲಿತ್ತು. ಎರಡೂ ಒಂದೇ ರಾಜ್ಯವಾದದ್ದು 1956ರಲ್ಲಿ. ಗಡಿಯ ಲೆಕ್ಕ ಹಿಡಿದರೆ ಅಂದು ಅವರು ನಮ್ಮವರೇ ಅಲ್ಲ! ನಮ್ಮ ತಾಲೂಕುಗಳ ಸಿದ್ದಿಯರನ್ನು ನೋಡಿ: ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ, ಆದರೂ ಎಲ್ಲರೂ ಸಿದ್ದಿಯರೇ. ನಮ್ಮವರು ಎಂಬ ಮಾತಿಗೆ ಗಡಿಕಲ್ಲು ಹುಡುಕುವುದು ಕಷ್ಟ. ಆ ಮಾತು ಕೂಡಿ ಆಡಿದ್ದರಿಂದ, ಕೂಡಿ ಬಾಳಿದ್ದರಿಂದ ಬರುತ್ತದೆ.

ಸರಕಾರದ ಅರ್ಜುನ ಪ್ರಶಸ್ತಿ ಹುಟ್ಟಿದ್ದು 1961ರಲ್ಲಿ. ಅಷ್ಟರಲ್ಲಿ ಅಹಮದರ ದೊಡ್ಡ ಆಟದ ಕಾಲ ಮುಗಿದಿತ್ತು. ಆ ಪ್ರಶಸ್ತಿ ಅವರಿಗೆ ಬರಲೇ ಇಲ್ಲ. ಪಂಪ ಅರ್ಜುನನನ್ನು ಕಥಾನಾಯಕನನ್ನಾಗಿ ಮಾಡಿದ ನಾಡಿನಲ್ಲಿ, ಪಾಂಡವನೆಂದು ಹೆಸರು ಪಡೆದವನೊಬ್ಬನಿಗೆ ಅರ್ಜುನ ಪ್ರಶಸ್ತಿಯಿಲ್ಲ! ಕ್ಲಬ್ಬುಗಳಲ್ಲಿ ಇಂದಿನಂತೆ ಕೋಟಿಗಳ ಲೆಕ್ಕವೂ ಆಗ ಇರಲಿಲ್ಲ. ಹುಟ್ಟಿದ ಬೆಂಗಳೂರಿಗೇ ಮರಳಿದ ಅವರು 2017ರ ಆಗಸ್ಟ್ 27ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಎಪ್ಪತ್ತರ ಸುಮಾರಿನಿಂದ ತೊಂಬತ್ತರವರೆಗೆ ಅವರು ನಾನು ಬದುಕಿದ್ದ ನಾಡಿನಲ್ಲೇ ಇದ್ದರೆಂಬುದನ್ನು ನೆನೆದಾಗ, ಒಮ್ಮೆ ಹೋಗಿ ಆ ಪಾದಗಳನ್ನು ಮುಟ್ಟಬಹುದಾಗಿತ್ತಲ್ಲಾ ಎನ್ನಿಸುತ್ತದೆ.

ಮುಂದಿನ ವರ್ಷ ತರಗತಿಯಲ್ಲಿ ಪಾಂಡವರ ಹೆಸರು ಹೇಳುವಾಗ, ಆ ಐವರ ಬೆನ್ನಿಗೇ ಈ ಐವರ ಹೆಸರನ್ನೂ ಬರೆಯಿಸಬೇಕೆಂದಿದ್ದೇನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಕ್ಕಲಾರದು. ಸಿಕ್ಕದಿದ್ದರೂ ಚಿಂತೆಯಿಲ್ಲ; ಅವನ್ನು ಕಲಿತುಕೊಳ್ಳಲಿ.