ಗಂಡಕಿಯ ದಾರಿಗೆ ಸೈಕಲ್ಲು

ರಾಯಚೂರಿನವರಾದ ನಮಗೆ ಬೆಟ್ಟವೆಂದರೆ ಬಂಡೆಗಳ ರಾಶಿ. ಕೋಟೆಯ ಗುಡ್ಡವನ್ನು ನಾವು ಬೆಟ್ಟವೆಂದು ಕರೆಯುವುದು ಅಭಿಮಾನದಿಂದ. ಒಂದೇ ಏದುಸಿರಿನಲ್ಲಿ ಅದು ಹತ್ತಿ ಮುಗಿಯುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಎಡೆದೊರೆ ನಾಡಿನಲ್ಲಿ ದೇವದುರ್ಗಕ್ಕೆ ಹೋದರೂ ಮಾನ್ವಿಗೆ ಹೋದರೂ ಸೈಕಲ್ಲಿನವನಿಗೆ ಏರಿಗಿಂತ ಬಿಸಿಲೇ ದೊಡ್ಡ ಶತ್ರು. ಇಂಥ ನೆಲದಲ್ಲಿ ಬೆಳೆದ ನನ್ನ ಮಗನು ಪರದೇಶವಾದ ನೇಪಾಳದ ಹಿಮಾಲಯದಲ್ಲಿ ಸೈಕಲ್ಲು ತುಳಿಯಬೇಕೆಂದು ಸಂಕಲ್ಪಿಸಿರುವುದೂ, 57 ವರ್ಷದ ನನ್ನನ್ನೂ ದೇವದುರ್ಗದ ತನ್ನ ಸ್ನೇಹಿತನನ್ನೂ ಜೊತೆಗೆ ಕರೆದಿರುವುದೂ ಮೂರು ತಿಂಗಳಿಂದ ನಮ್ಮ ಮನೆಯ ಮುಖ್ಯ ವ್ಯವಹಾರವಾಗಿದೆ.

ಅವನು ಮೊದಲು ಬರೆದು ತಂದ ಯೋಜನೆಯಲ್ಲಿ ಅನ್ನಪೂರ್ಣಾ ಪರ್ವತದ ಪ್ರದಕ್ಷಿಣೆಯಿತ್ತು. ಬೇಸಿಸಹರ್ ಎಂಬ ಊರಿನಿಂದ ಹೊರಟು, ಮನಾಂಗದ ಮೇಲೆ ಹಾಯ್ದು, 5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆಯನ್ನು ದಾಟಿ, ಆಚೆಯ ಮುಕ್ತಿನಾಥಕ್ಕೆ ಇಳಿಯುವುದು. ಕಾಗದದ ಮೇಲೆ ಅದು ಬಹು ಸೊಗಸಾಗಿದ್ದಿತು. ನಾನು ಅದರಲ್ಲಿ ನೋಡಿದುದು ಹಗಲಿನ ದಾರಿಯನ್ನಲ್ಲ, ರಾತ್ರಿಯ ಬಿಡಾರಗಳನ್ನು. ಗಾಳಿಯಲ್ಲಿ ಪ್ರಾಣವಾಯುವಿನ ಪಾಲು ಎಲ್ಲ ಕಡೆಯೂ ಒಂದೇ; ಆದರೆ ಮೇಲೇರಿದಂತೆ ಗಾಳಿಯ ಒತ್ತಡವೇ ಇಳಿಯುತ್ತ ಹೋಗಿ, ಆ ಕಣಿವೆಯ ನೆತ್ತಿಯಲ್ಲಿ ಸಮುದ್ರತೀರದ ಅರ್ಧದಷ್ಟು ಮಾತ್ರ ಉಳಿಯುತ್ತದೆ. ಆದುದರಿಂದ 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದೂ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕೆಂದೂ ವೈದ್ಯರು ವಿಧಿಸುತ್ತಾರೆ. ತಲೆನೋವು, ಅನ್ನದ್ವೇಷ, ವಾಂತಿ, ನಿದ್ರೆಯಿಲ್ಲದಿರುವಿಕೆ, ಇವು ಮೊದಲ ಎಚ್ಚರಿಕೆಗಳು. ನಡೆಯುವಾಗ ತೂರಾಡಿದರೆ, ಕುಳಿತಲ್ಲಿಯೇ ಉಸಿರು ಸಾಲದಿದ್ದರೆ, ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕು. ನಮ್ಮೂರಿನ 40 ಡಿಗ್ರಿಯ ಬೇಸಿಗೆಯನ್ನು ನಗುತ್ತ ಸಹಿಸಿದ ದೇಹಕ್ಕೆ ಅಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಮಗನಿಗೆ ದೊರೆಯುವ ರಜೆ ಹೋಗಿಬರುವುದೂ ಸೇರಿ ಹದಿನೈದು ದಿನ. ಅವನ ಪಟ್ಟಿಯಲ್ಲಿ ಮನಾಂಗದಲ್ಲಿ ನಿಲ್ಲುವ ದಿನವೇ ಇರಲಿಲ್ಲ. ಕೇಳಿದರೆ, “ಒಂದು ಮಾತ್ರೆ ಅದ ಅಪ್ಪ, ತಗೊಂಡ್ರ ಆತು” ಎಂದನು. ಅಸೆಟಜೋಲಮೈಡ್ ಎಂಬ ಆ ಮಾತ್ರೆ ಉಂಟು. ವೈದ್ಯರನ್ನು ಕೇಳಿ ತೆಗೆದುಕೊಂಡರೆ ದೇಹವು ಎತ್ತರಕ್ಕೆ ಬೇಗನೆ ಒಗ್ಗಲು ಸಹಾಯವಾಗುವುದೂ ನಿಜ. ಆದರೆ ಅದು ರಜೆಯ ಕೊರತೆಯನ್ನು ತುಂಬುವ ಔಷಧವಲ್ಲ.

ಮನೆಯವಳ ಭಯಕ್ಕೆ ಬೇರೆ ಕಾರಣವಿದ್ದಿತು. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಬಡಿದು, ಎರಡು ದಿನಗಳ ತರುವಾಯ ಅದರ ಶೇಷವೇ ಹಿಮಪಾತವಾಗಿ ಥೊರಾಂಗದ ಸುತ್ತಮುತ್ತ ಸುರಿದು, ನಲವತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಅದು ಮಳೆಗಾಲ ಕಳೆದು ಆಕಾಶ ತಿಳಿಯಾಗುವ, ಎಲ್ಲರೂ ಪ್ರಶಸ್ತವೆನ್ನುವ ಕಾಲ. ನಾವು ಆರಿಸಿದ್ದೂ ಅದನ್ನೇ. ಒಂದು ವಾರ ಮನೆಯಲ್ಲಿ ತಾಯಿಮಕ್ಕಳ ಮಾತು ಊಟಕ್ಕೆ ಕರೆಯುವಷ್ಟಕ್ಕೇ ನಿಂತಿತು.

ಇದನ್ನು ಬಗೆಹರಿಸಿದವರು ನನ್ನ ಅವ್ವ. ನಮ್ಮ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮವೊಂದಿದೆ. ಜಗನ್ನಾಥದಾಸರ ಮಾನ್ವಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಗಂಡಕಿಯೆಂದರೆ ನಕ್ಷೆಯ ನದಿಯಲ್ಲ, ದಿನದ ಅಭಿಷೇಕದಲ್ಲಿ ಬರುವ ಹೆಸರು. ಮೊಮ್ಮಗನು ನಕ್ಷೆ ಬಿಡಿಸಿ ತೋರಿಸಿದಾಗ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಮುಕ್ತಿನಾಥ ಕಣಿವಿ ಈಚೀಗೇ ಇದ್ದಾನಲ್ಲೋ! ಅವನ ಕಡೆ ಹೋಗ್ಲಿಕ್ಕೆ ಅದನ್ಯಾಕ ದಾಟಬೇಕು?” ಎಂದರು. ಉತ್ತರ ಯಾರಲ್ಲಿಯೂ ಇರಲಿಲ್ಲ.

ಈಗಿನ ಯೋಜನೆ ಹೀಗಿದೆ. ಪೋಖರಾದಿಂದ ಕಾಳಿ ಗಂಡಕಿಯ ದಂಡೆ ಹಿಡಿದು ತಾತೋಪಾನಿ, ಘಾಸಾ, 2,670 ಮೀಟರಿನ ಮಾರ್ಫಾ, ಅಲ್ಲಿಂದ 2,800 ಮೀಟರಿನ ಕಾಗ್‌ಬೇನಿ. ಒಂದು ಕಡೆ 8,167 ಮೀಟರಿನ ಧವಲಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣಾ. ನಡುವಣ ಕಮರಿಯ ತಳದಲ್ಲಿ ನಮ್ಮ ಮೂರು ಸೈಕಲ್ಲುಗಳು. ಕಾಗ್‌ಬೇನಿಯಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ಬೆಳಿಗ್ಗೆ ಸುಮಾರು 3,700 ಮೀಟರಿನ ಮುಕ್ತಿನಾಥಕ್ಕೆ ಏರಿ, 108 ಧಾರೆಗಳ ಕೆಳಗೆ ತಲೆಯೊಡ್ಡಿ, ರಾತ್ರಿಗೆ ಮತ್ತೆ ಕೆಳಗಿಳಿದು ಮಲಗುವುದು. ಸಾಲಿಗ್ರಾಮದ ಚಕ್ರಗಳು ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರದ ಸುರುಳಿಚಿಪ್ಪಿನ ಜೀವಿಗಳ ಗುರುತುಗಳೆಂದು ಭೂವಿಜ್ಞಾನಿಗಳು ಹೇಳುವುದನ್ನು ಅವ್ವನಿಗೆ ತಿಳಿಸಿದೆನು. “ಸಮುದ್ರದಾಗ ಇದ್ದವನು ನಾರಾಯಣನs ಅಲ್ಲೇನು?” ಎಂದುಬಿಟ್ಟರು.

ಆ ಕೊಳ್ಳದ ಗಾಳಿಯ ವಿಷಯವನ್ನೂ ಹೇಳಬೇಕು. ಬಿಸಿಲೇರಿದಂತೆ ಉತ್ತರದ ಎತ್ತರದ ಒಣನೆಲ ಕಾದು, ಕೆಳಗಿನ ಗಾಳಿಯನ್ನು ಕಮರಿಯ ಮೂಲಕ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬಿರುಗಾಳಿಯೇ. ಜೋಮ್‌ಸೋಮಿನ ವಿಮಾನಗಳು ಬೆಳಗಿನಲ್ಲಿಯೇ ಹಾರಿ ಮುಗಿಸುವುದು ಇದರಿಂದ. ಹೋಗುವಾಗ ಅದು ಬೆನ್ನಿಗೆ ಸಹಾಯ. ಬರುವಾಗ ನಸುಕಿನಲ್ಲಿಯೇ ಹೊರಡದಿದ್ದರೆ ಇಳಿಜಾರಿನಲ್ಲಿಯೂ ತುಳಿಯಬೇಕಾದೀತು. ಈ ಒಂದು ಪಾಠಕ್ಕೆ ಮಾತ್ರ ನಮ್ಮ ಜಿಲ್ಲೆ ಸಾಕು. ಆಷಾಢದಲ್ಲಿ ಮಾನ್ವಿಯ ಕಡೆಗೆ ಸುಮಾರು 45 ಕಿಲೋಮೀಟರ್ ಎದುರುಗಾಳಿಗೆ ತುಳಿದವನಿಗೆ ಗಾಳಿಯ ಅಹಂಕಾರ ಗೊತ್ತು. ಭಾನುವಾರಗಳಲ್ಲಿ ಚೀಲ ಹೇರಿಕೊಂಡು ಅದನ್ನೇ ಅಭ್ಯಾಸ ಮಾಡುತ್ತಿದ್ದೇವೆ.

ಪ್ರಯಾಣ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ, ಅಲ್ಲಿಂದ ಗೋರಖಪುರಕ್ಕೆ, ಸೋನೌಲಿಯಲ್ಲಿ ಗಡಿ. ಭಾರತೀಯರಿಗೆ ವೀಸಾ ಬೇಡ. ಸೈಕಲ್ಲುಗಳು ಪಾರ್ಸೆಲ್ ಡಬ್ಬಿಯಲ್ಲಿ ಬರಬೇಕು. ಅಗಲ ಟೈರು, ಮುಂಗಡೆ ಸ್ಪ್ರಿಂಗು, ಡಿಸ್ಕ್ ಬ್ರೇಕು ಉಳ್ಳವು ಅವು. ಬ್ರೇಕಿನ ಪ್ಯಾಡುಗಳನ್ನು ಎರಡು ಜೊತೆ ಹೆಚ್ಚಾಗಿ ಒಯ್ಯುವುದು ಅವಶ್ಯಕ. ಮನೆಯವಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿಗಳ ತೂಕವನ್ನು ಸೈಕಲ್ಲಿನ ತೂಕಕ್ಕೆ ಸರಿಯಾಗಿ ಬೆಳೆಸುತ್ತಿದ್ದಾಳೆ. ಮುಕ್ತಿನಾಥದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯುವುದು ತಡ ಎಂದು ನಾನು ಹೇಳಿದಂದಿನಿಂದ ಆಕೆಯ ಪಕ್ಷ ಬಲವಾಗಿದೆ.

ಮಗನು ಕಣಿವೆಯನ್ನು ಬಿಟ್ಟುದಕ್ಕೆ ಬದಲಾಗಿ ಒಂದನ್ನು ಕೇಳಿದ್ದಾನೆ. ಮುಕ್ತಿನಾಥದಿಂದ ಇಳಿಯುವಾಗ ಮೋಟಾರು ದಾರಿ ಬಿಟ್ಟು, ಲುಬ್ರಾ ಎಂಬ ಹಳ್ಳಿಯ ಕಡೆಗೆ ಬೀಳುವ ಕಾಲುದಾರಿಯಲ್ಲಿ ಜೋಮ್‌ಸೋಮಿಗೆ ಹೋಗಬೇಕಂತೆ. ಬಲು ಕಡಿದಾದ ದಾರಿ, ಪಳಗಿದವರಿಗೆ ಪ್ರಿಯವಾದುದು. ಎತ್ತರದ ನಿಯಮಕ್ಕೆ ಅದು ವಿರೋಧವಲ್ಲ, ರಾತ್ರಿಯ ಬಿಡಾರವು ಕಾಗ್‌ಬೇನಿಗಿಂತಲೂ ಸ್ವಲ್ಪ ತಗ್ಗಿನಲ್ಲಿಯೇ ಆಗುತ್ತದೆ. ನಾನು ಒಪ್ಪಿದ್ದೇನೆ, ಕಡಿದಾದಲ್ಲಿ ಇಳಿದು ತಳ್ಳುವ ಕರಾರಿನ ಮೇಲೆ. ಅವನ ತಾಯಿಗೆ ಇದನ್ನು ತಿಳಿಸುವ ಭಾರವನ್ನು ದೇವದುರ್ಗದ ಹುಡುಗನು ವಹಿಸಿಕೊಂಡಿದ್ದಾನೆ; ಮುಂದಿನ ಭಾನುವಾರ ಊಟಕ್ಕೆ ಬರುತ್ತಾನೆ.