ಋಣದ ಲೆಕ್ಕ

ಮನುಷ್ಯನು ಕೆಲಸದಿಂದ ನಿವೃತ್ತನಾಗಬಹುದು; ದೇಹದ ಬೇಡಿಕೆಗಳಿಂದ ನಿವೃತ್ತನಾಗಲಾರ. ದುಡಿಮೆಯ ಕಾಲದಲ್ಲಿ ಸದ್ದಿಲ್ಲದೆ ಸೇವೆ ಸಲ್ಲಿಸಿದ ಕಣ್ಣು, ಮಂಡಿ, ಹೃದಯಗಳು ಬಿಡುವಿನ ಕಾಲ ಬಂದೊಡನೆ ಒಂದೊಂದಾಗಿ ತಮ್ಮ ಅಹವಾಲನ್ನು ಮುಂದಿಡುತ್ತವೆ. ವರಮಾನ ಇಳಿಯುವ ಕಾಲವೂ ವೈದ್ಯದ ಖರ್ಚು ಏರುವ ಕಾಲವೂ ಒಂದೇ ಆಗಿರುವುದು ಮುಪ್ಪಿನ ದೊಡ್ಡ ತೊಡಕು. ಇದನ್ನು ದಾಟುವ ಬಗೆ ಹೇಗೆ, ದಾಟಿದ ಮೇಲೆ ಮನಸ್ಸಿನಲ್ಲಿ ಉಳಿಯಬೇಕಾದ ಭಾವ ಯಾವುದು ಎಂಬುದು ಮುದುಕರು ಮಾತ್ರವೇ ಯೋಚಿಸಬೇಕಾದ ವಿಷಯವಲ್ಲ.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಮೊಳಕಾಲ್ಮುರು ತಾಲ್ಲೂಕಿಗೆ ಸೇರಿದ ಬಿ.ಜಿ. ಕೆರೆ ಎಂಬ ಊರಿದೆ. ಸುತ್ತಲಿನದು ಮಳೆ ಕಡಿಮೆಯಾದ ಸೀಮೆ. ಶೇಂಗಾ ಬೆಳೆಯುವವರು, ಕುರಿ ಕಾಯುವವರು, ಕಂಬಳಿ ನೇಯುವವರು, ರೇಷ್ಮೆ ಸೀರೆಯ ಮಗ್ಗದ ಮುಂದೆ ಕುಳಿತವರು ಈ ನಾಡಿನ ಮಕ್ಕಳು. ಇಲ್ಲಿ ನಿವೃತ್ತಿಯೆಂಬ ಮಾತಿಗೆ ಎಲ್ಲರಲ್ಲಿಯೂ ಒಂದೇ ಅರ್ಥವಿಲ್ಲ. ಶಾಲೆಯ ಮೇಷ್ಟ್ರಿಗೆ ಅದು ಹಾರ, ಬೀಳ್ಕೊಡುಗೆಯ ಸಭೆ ಮತ್ತು ಪಿಂಚಣಿ. ನೇಕಾರನಿಗಾದರೋ ಕಣ್ಣು ಮಂಜಾಗಿ ಎಳೆ ಕಾಣದಾದ ದಿನವೇ ನಿವೃತ್ತಿ. ಕುರಿಗಾಹಿಗೆ ಕಾಲು ಸೋತ ದಿನ. ಅವರನ್ನು ಬೀಳ್ಕೊಡಲು ಯಾರೂ ಸಭೆ ಸೇರುವುದಿಲ್ಲ.

ಜ್ವರ ನೆಗಡಿಗಳಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ರೋಗ ದೊಡ್ಡದಾದರೆ ಚಳ್ಳಕೆರೆ, ಚಿತ್ರದುರ್ಗ ಅಥವಾ ಬಳ್ಳಾರಿಯ ದಾರಿ ಹಿಡಿಯಬೇಕು. ಆಗ ಖರ್ಚಾಗುವುದು ಔಷಧಿಯ ಹಣವೊಂದೇ ಅಲ್ಲ. ಇಬ್ಬರ ಬಸ್ಸಿನ ಚಾರ್ಜು, ಹೊರಗಿನ ಊಟ, ಜೊತೆಗೆ ಬಂದ ಮಗನು ಕಳೆದುಕೊಂಡ ದಿನಗೂಲಿ, ಇವೂ ಆ ಲೆಕ್ಕಕ್ಕೆ ಸೇರುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳಂತೂ ಒಂದು ವಾರಕ್ಕೆ ಮುಗಿಯುವಂಥವಲ್ಲ. ಉಸಿರಿರುವ ತನಕ ನುಂಗಬೇಕಾದವು. ಆದುದರಿಂದ ಮುದುಕರು ಗುಟ್ಟಾಗಿ ಒಂದು ಮಿತವ್ಯಯವನ್ನು ಆರಂಭಿಸುತ್ತಾರೆ. “ಈ ಹೊತ್ತು ತಲೆ ಸುತ್ತಲಿಲ್ಲ” ಎಂದು ಮಾತ್ರೆಯನ್ನು ಮತ್ತೆ ಡಬ್ಬಿಗೆ ಹಾಕುತ್ತಾರೆ. ಒಂದನ್ನು ಎರಡು ಹೋಳು ಮಾಡಿ ಎರಡು ದಿನ ನುಂಗುತ್ತಾರೆ. ಇದು ಜಿಪುಣತನವಲ್ಲ, ಮಕ್ಕಳಿಗೆ ಹೊರೆಯಾಗಬಾರದೆಂಬ ಅಂತಃಕರಣ. ಆದರೆ ರಕ್ತದೊತ್ತಡವು ಹೇಳಿ ಕೇಳಿ ಬರುವ ಶತ್ರುವಲ್ಲ. ಯಾವ ನೋವನ್ನೂ ತೋರದೆ ಒಳಗೆ ಏರಿ, ಒಂದು ಮುಂಜಾನೆ ಪಾರ್ಶ್ವವಾಯುವಾಗಿ ಕೈಕಾಲುಗಳನ್ನು ಕಸಿದುಕೊಳ್ಳಬಹುದು. ಕೆಲವು ರೂಪಾಯಿ ಉಳಿಸಹೋಗಿ ಕುರಿ ಹಿಂಡನ್ನೋ ತುಂಡು ಹೊಲವನ್ನೋ ಮಾರಬೇಕಾದ ಮನೆಗಳು ಯಾವ ಸೀಮೆಯಲ್ಲಿಯೂ ಇಲ್ಲದಿಲ್ಲ.

ಒಬ್ಬನಿಗೆ ಹೊರಲಾರದ ಭಾರವನ್ನು ಹಲವರು ಕೂಡಿ ಹೊತ್ತರೆ ಹಗುರವಾಗುತ್ತದೆ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಯು ಈ ತತ್ತ್ವದ ಮೇಲೆಯೇ ನಿಂತಿತು. ಮೊದಮೊದಲು ಸದಸ್ಯನು ವರ್ಷಕ್ಕೆ 60 ರೂಪಾಯಿ ಕೊಡುತ್ತಿದ್ದನು, ಎಂದರೆ ತಿಂಗಳಿಗೆ 5 ರೂಪಾಯಿ. ಸಾವಿರ ಮಂದಿ ಹೀಗೆ ಕೊಟ್ಟರೆ 60,000 ರೂಪಾಯಿ ಕೂಡುತ್ತದೆ. ಸಾವಿರ ಮಂದಿಗೂ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬೇಕಾದ ಕೆಲವರಿಗೆ ಉಳಿದವರ ಹಣ ಆಸರೆಯಾಗುತ್ತದೆ. ಸರ್ಕಾರವೂ ತನ್ನ ಪಾಲನ್ನು ಸೇರಿಸಿತು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ದಾರಿ ಮಾಡಿತು. ಅದರಲ್ಲಿ ವಿಲೀನವಾಗಿದ್ದ ಯಶಸ್ವಿನಿಯು 2022ರಲ್ಲಿ ಮರುಜೀವ ಪಡೆಯಿತು. ದಿನನಿತ್ಯದ ಮಾತ್ರೆಗಳಿಗೆ ಜನೌಷಧಿ ಅಂಗಡಿಗಳಿವೆ. ಅಲ್ಲಿ ಮಾರುವುದು ಕಂಪನಿಯ ಹೆಸರನ್ನಲ್ಲ, ಔಷಧಿಯನ್ನು. ಹೆಸರಿನ ಜಾಹೀರಾತಿಗೆ ತಗಲುವ ಹಣ ಉಳಿಯುವುದರಿಂದ ಬೆಲೆಯೂ ಇಳಿಯುತ್ತದೆ.

ಇಂಥ ನೆರವಿನಿಂದ ಗುಣಮುಖನಾದವನು ಏನೆಂದು ಭಾವಿಸಬೇಕು? “ನಾನು ತೆರಿಗೆ ಕೊಟ್ಟಿದ್ದೇನೆ, ಯಾರ ಹಂಗೂ ನನಗಿಲ್ಲ” ಎನ್ನುವವರುಂಟು. ಭಿಕ್ಷೆ ಪಡೆದವರಂತೆ ತಲೆ ತಗ್ಗಿಸುವವರೂ ಉಂಟು. ಮೊದಲನೆಯವರು ತಾವು ಕೊಟ್ಟದ್ದನ್ನು ಮಾತ್ರ ಲೆಕ್ಕ ಹಾಕುತ್ತಾರೆ; ಎರಡನೆಯವರು ಪಡೆದದ್ದನ್ನು ಮಾತ್ರ. ತಾರುಣ್ಯದಲ್ಲಿ ತಾನು ತೆತ್ತ ಹಣವು ಎಂದೂ ಮುಖ ಕಾಣದ ಯಾರೋ ಮುದುಕಿಯ ಕಣ್ಣಿನ ಪೊರೆ ತೆಗೆಸಿರಬಹುದು. ಇಂದು ಗುರುತೇ ಇಲ್ಲದ ಯಾವನೋ ತರುಣನ ಬೆವರು ತನ್ನ ಹೃದಯವನ್ನು ನಡೆಸುತ್ತಿರಬಹುದು. ಈ ಎರಡನ್ನೂ ಒಟ್ಟಿಗೆ ನೆನೆಯುವುದೇ ಕೃತಜ್ಞತೆ. ಹಾಗೆಂದು ಕೃತಜ್ಞನಾದವನು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲದಾಗ “ಏಕಿಲ್ಲ?” ಎಂದು ವಿನಯದಿಂದ ಕೇಳುವುದೂ ತನ್ನ ಹಿಂದೆ ಸಾಲಿನಲ್ಲಿ ನಿಂತವರಿಗೆ ಸಲ್ಲಿಸುವ ಸೇವೆಯೇ.

ಹಣದ ಸಾಲವನ್ನು ಕೊಟ್ಟವನಿಗೆ ಹಿಂದಿರುಗಿಸಬಹುದು. ಹೆಸರು ತಿಳಿಯದ ಸಾವಿರಾರು ಮಂದಿಯ ಋಣವನ್ನು ಹಿಂದಿರುಗಿಸುವುದೆಂತು? ಹಳ್ಳಿಯ ನಿವೃತ್ತ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿ ಅದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಅವರ ಮನೆಯ ಜಗಲಿಗೆ ನೆರೆಯವರು ವೈದ್ಯರ ಚೀಟಿ ತರುತ್ತಾರೆ. ಯಾವ ಮಾತ್ರೆ ಬೆಳಗ್ಗೆ, ಯಾವುದು ರಾತ್ರಿ ಎಂದು ಮೇಷ್ಟ್ರು ಬಿಡಿಸಿ ಹೇಳುತ್ತಾರೆ. ಓದು ಬಾರದವರ ಅರ್ಜಿಗಳನ್ನು ತುಂಬಿಕೊಡುತ್ತಾರೆ. ಪಿಂಚಣಿಯಿಲ್ಲದ ನೇಕಾರನಿಗೆ, ಸರ್ಕಾರವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ವೇತನದ ದಾರಿ ತೋರುತ್ತಾರೆ. ಪಡೆದವರಿಗೆ ಮರಳಿಸಲಾಗದ್ದನ್ನು ಪಕ್ಕದವರಿಗೆ ಸಲ್ಲಿಸುವ ಕ್ರಮವಿದು.

ಈ ಸೀಮೆಗೆ ಇದು ಹೊಸ ಪಾಠವಲ್ಲ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡುಹಿಡಿದರು. ತಂದೆತಾಯಿಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಗಿರ್ನಾರ್ ಮೊದಲಾದೆಡೆ ಇರುವ ಅವನ ಬೇರೊಂದು ಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು, ಔಷಧಿಯ ಗಿಡಮೂಲಿಕೆಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದುದನ್ನು ತಿಳಿಸುತ್ತದೆ. ಹಿರಿಯರನ್ನು ಗೌರವಿಸುವುದು ಮನೆಯ ಧರ್ಮ. ಅವರಿಗೆ ಮದ್ದು ದೊರೆಯುವಂತೆ ಮಾಡುವುದು ನಾಡಿನ ಧರ್ಮ. ಒಂದಿಲ್ಲದೆ ಇನ್ನೊಂದು ಪೂರ್ಣವಾಗದು.

ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರ ಮಾತ್ರೆಯ ಡಬ್ಬಿಯನ್ನೊಮ್ಮೆ ತೆರೆದು ನೋಡುವುದು ಮಕ್ಕಳಿಗೆ ಕಷ್ಟದ ಕೆಲಸವಲ್ಲ. ನುಂಗದೆ ಉಳಿಸಿದ ಮಾತ್ರೆಗಳು ಅಲ್ಲಿದ್ದರೆ, ಅವರು ತಮ್ಮ ಆಯುಷ್ಯವನ್ನೇ ಮಕ್ಕಳಿಗಾಗಿ ಉಳಿತಾಯ ಮಾಡುತ್ತಿದ್ದಾರೆಂದು ತಿಳಿಯಬೇಕು. ಅಂಥ ಉಳಿತಾಯ ಯಾವ ಮನೆಗೂ ಬೇಡ.